ಥಾಯ್ಲೆಂಡಿನಲ್ಲಿ ಮನೆ ಎಂದು ಅನ್ನಿಸಿದ ವಿಚಾರ

ಮಾರ್ಗಳಿ ತಿಂಗಳಲ್ಲಿ, ಎಂದರೆ ಧನುರ್ಮಾಸದಲ್ಲಿ, ನಮ್ಮ ಕಡೆ ಯಾರೂ ಮನೆ ಬದಲಿಸುವುದಿಲ್ಲ. ಹಾಲು ಉಕ್ಕಿಸುವುದಿಲ್ಲ, ಸಾಮಾನು ಸಾಗಿಸುವುದಿಲ್ಲ, ಬಾಡಿಗೆಯ ಮಾತಿದ್ದರೂ ಪೊಂಗಲ್ ಕಳೆಯಲಿ ಎನ್ನುತ್ತಾರೆ. ಈ ಶಾಸ್ತ್ರದ ಬಲ ಒಂದನ್ನೇ ನೆಚ್ಚಿ, ಹೆಂಡತಿಗೆ ಕೊಡಬೇಕಾಗಿದ್ದ ಉತ್ತರವನ್ನು ನಾನು ಮುಂದೂಡಿದೆ. ಸೈಕಲ್ಲನ್ನು ಪೆಟ್ಟಿಗೆಯಲ್ಲಿ ಕಟ್ಟಿಸಿಕೊಂಡು ಥಾಯ್ಲೆಂಡಿಗೆ ಹೊರಟೆ.

ಪ್ರಶ್ನೆ ದೊಡ್ಡದೇನಲ್ಲ. ಕೊಯಮತ್ತೂರು ಕಡೆಯ ಸೂಲೂರಿನ ಹತ್ತಿರ ನೇಕಾರರ ಬೀದಿಯೊಂದರಲ್ಲಿ ನಮಗೊಂದು ಮನೆ ಇದೆ. ನಾನು ಹುಟ್ಟಿ ಬೆಳೆದದ್ದೇ ಅಲ್ಲಿ, ಮದುವೆಯಾದಾಗಿನಿಂದ ಇಬ್ಬರೂ ಅಲ್ಲೇ ಇದ್ದೆವು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಬಟ್ಟೆಯ ತಪ್ಪು ಹುಡುಕುವ ಉದ್ಯೋಗದಿಂದ ನಾನು ನಿವೃತ್ತನಾದ ಮೇಲೆ, ಹುಡುಕುವುದಕ್ಕೆ ಬೇರೆ ತಪ್ಪು ಸಿಗದೆ, ಆ ಮನೆಯಲ್ಲೇ ತಪ್ಪು ಹುಡುಕಿದೆ. ವಯಸ್ಸಾದವರು ದೊಡ್ಡ ಆಸ್ಪತ್ರೆಗೆ ಹತ್ತಿರವಿರಬೇಕು ಎಂಬುದು ನನ್ನ ವಾದ. ಅದನ್ನು ಎಷ್ಟು ಗಂಭೀರವಾಗಿ ಮಂಡಿಸಿದೆನೆಂದರೆ, ನಮ್ಮಿಬ್ಬರಲ್ಲಿ ಯಾರಿಗೂ ಯಾವ ಕಾಯಿಲೆಯೂ ಇಲ್ಲ ಎಂಬ ಸಂಗತಿ ಚರ್ಚೆಗೇ ಬರಲಿಲ್ಲ. ಹಾಗೆ ಕೊಯಮತ್ತೂರಿನ ನಾಲ್ಕನೇ ಮಹಡಿಯ ಫ್ಲ್ಯಾಟಿಗೆ ಬಂದೆವು. ಬೀದಿಯ ಮನೆಯನ್ನು ಒಬ್ಬ ಟೈಲರ್ ಸಂಸಾರಕ್ಕೆ ಬಾಡಿಗೆಗೆ ಕೊಟ್ಟೆವು.

ಫ್ಲ್ಯಾಟು ನನ್ನವಳಿಗೆ ಹಿಡಿಸಲಿಲ್ಲ. ಹಾಗೆಂದು ಹೇಳಲೂ ಇಲ್ಲ. ನನಗೂ ಹಿಡಿಸಲಿಲ್ಲ, ನಾನಂತೂ ಹೇಳುವ ಸ್ಥಿತಿಯಲ್ಲೇ ಇರಲಿಲ್ಲ. ನಮ್ಮ ನೇಕಾರರ ಮನೆಗಳಲ್ಲಿ ಕನ್ನಡ ಹೊಸ್ತಿಲ ಒಳಗಿನ ಭಾಷೆ. ಹೊಸ್ತಿಲು ದಾಟಿದರೆ ತಮಿಳು. ತಲೆಮಾರುಗಳಿಂದ ಹೀಗೇ ನಡೆದಿದೆ, ಯಾರಿಗೂ ತೊಂದರೆಯಾಗಿಲ್ಲ. ಫ್ಲ್ಯಾಟಿನಲ್ಲಿ ಮಾತ್ರ ಹೊಸ್ತಿಲು ಎಲ್ಲಿದೆ ಎಂದು ಖಚಿತವಾಗಲಿಲ್ಲ. ಲಿಫ್ಟು ಒಳಗೋ ಹೊರಗೋ? ಇದು ತೀರ್ಮಾನವಾಗದೆ ನಾವು ಗಂಡ ಹೆಂಡತಿ ಮೂರು ವರ್ಷ ಲಿಫ್ಟಿನಲ್ಲಿ ಮೌನವಾಗಿ ಏರಿಳಿದೆವು.

ಈಗ ಟೈಲರ್ ಸಂಸಾರ ಪೊಂಗಲ್ ಆದ ಮೇಲೆ ಮನೆ ಬಿಡುವುದಾಗಿ ಹೇಳಿತು. ಹೊಸದಾಗಿ ಮದುವೆಯಾದ ಜೋಡಿಯೊಂದು ಆ ಮನೆಯನ್ನು ಕೇಳುತ್ತಿತ್ತು.

"ಏನುಂಗ," ಎಂದಳು ನನ್ನವಳು. ನಮ್ಮಲ್ಲಿ ಗಂಡನನ್ನು ಕರೆಯುವುದು ಹೀಗೆ. ಕೊಂಗುನಾಡಿನ ತಮಿಳಿನಿಂದ ಬಂದದ್ದು. ಮರ್ಯಾದೆಗೂ ಬರುತ್ತದೆ, ಗದರುವುದಕ್ಕೂ ಬರುತ್ತದೆ. "ವಾಪಸ್ ಓಗದಾದ್ರೆ ಇದೇ ಸಮಯ. ಇಲ್ಲಾಂದ್ರೆ ಆ ಮಕ್ಕಳಿಗೆ ಕೊಟ್ಬುಡಣ, ಪಾಪ, ಕಾಯ್ತಾವ್ರೆ. ನೀವೇ ಒಂದು ಮುಡಿವು ಹೇಳಿ."

ಮುಡಿವು ಎಂದರೆ ತೀರ್ಮಾನ. ನಾನು ಪಂಚಾಂಗ ನೋಡಿದೆ. ಮಾರ್ಗಳಿ ಶುರುವಾಗಿತ್ತು.

"ಮಾರ್ಗಳೀಲಿ ಇದೆಲ್ಲಾ ಮಾತಾಡಬಾರ್ದು," ಎಂದೆ.

"ಸೈಕಲ್ ತಗೊಂಡು ಸಮುದ್ರ ದಾಟಬೋದಾ ಮಾರ್ಗಳೀಲಿ?"

"ಅದರ ಬಗ್ಗೆ ಶಾಸ್ತ್ರದಲ್ಲಿ ಏನೂ ಇಲ್ಲ."

ಸೈಕಲ್ಲಿನ ವಿಷಯ ಹೇಳಬೇಕು. ಆಸ್ಪತ್ರೆಗೆ ಹತ್ತಿರವಿದ್ದ ಮೇಲೆ ಒಮ್ಮೆಯಾದರೂ ಹೋಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಮೊಣಕಾಲು ತೋರಿಸಲು ಹೋಗಿದ್ದೆ. ಡಾಕ್ಟರು ಸೈಕಲ್ ತುಳಿಯಿರಿ ಎಂದರು. ನಿವೃತ್ತರ ಸೈಕಲ್ ಬಳಗವೊಂದು ಸಿಕ್ಕಿತು. ಭಾನುವಾರ ಬೆಳಿಗ್ಗೆ ಕಾರಮಡೈವರೆಗೆ ಹೋಗಿ, ಅಲ್ಲಿನ ರಂಗನಾಥಸ್ವಾಮಿಗೆ ಹೊರಗಿನಿಂದಲೇ ಕೈಮುಗಿದು, ಇಡ್ಲಿ ತಿಂದು ಬರುವುದು ಬಳಗದ ಧ್ಯೇಯ. ಇಂಥ ಬಳಗಕ್ಕೆ ಥಾಯ್ಲೆಂಡಿನ ಯೋಚನೆ ಹೇಗೆ ಬಂತೋ ಗೊತ್ತಿಲ್ಲ. ಮುಂದಾಳು ಒಬ್ಬ ನಿವೃತ್ತ ಎಂಜಿನಿಯರು. ಅಲ್ಲಿ ರಸ್ತೆ ನುಣುಪು, ನಾಯಿಗಳು ಸಭ್ಯ, ಎಂದು ಆತ ಸಾರಿದ. ನುಣುಪಿನ ಮಾತು ನಿಜವಾಯಿತು.

ಚಿಯಾಂಗ್ ಮಾಯ್ ನಗರದಿಂದ ದಕ್ಷಿಣಕ್ಕೆ ಇಳಿಯುವ ದಾರಿ ನಮ್ಮದು. ಭತ್ತ ಕೊಯ್ದ ಗದ್ದೆ, ದೂರದಲ್ಲಿ ನೀಲಿ ಬೆಟ್ಟ. ಬೆಳಗಿನ ಚಳಿ ನಮ್ಮ ಮಾರ್ಗಳಿಯಷ್ಟೇ. ಸಾಮಾನು ಹೊರಲು ಒಂದು ವ್ಯಾನು, ಅದಕ್ಕೊಬ್ಬ ಸ್ಥಳೀಯ ಚಾಲಕ. ಮೂವತ್ತರ ಆಸುಪಾಸು, ನನ್ನಷ್ಟೇ ಇಂಗ್ಲಿಷ್ ಬಲ್ಲವನು. ಆದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತು. ಮಿಕ್ಕವರು ಬೆಟ್ಟ, ಬುದ್ಧ, ಕಾಫಿ ಅಂಗಡಿ ಎಲ್ಲದರ ಮುಂದೆಯೂ ನಿಂತು ಪಟ ತೆಗೆಸಿಕೊಂಡರು. ಆದರೂ ನಾನೇ ಹಿಂದೆ ಉಳಿಯುತ್ತಿದ್ದೆ. ತುಳಿಯುವಾಗಲೆಲ್ಲ ಒಂದೇ ಯೋಚನೆ: ಬೀದಿಯೋ, ಫ್ಲ್ಯಾಟೋ. ಏರಿನಲ್ಲಿ ಫ್ಲ್ಯಾಟೇ ಸರಿ ಅನ್ನಿಸುತ್ತಿತ್ತು, ಇಳಿಜಾರಿನಲ್ಲಿ ಬೀದಿ. ಸಮತಟ್ಟು ರಸ್ತೆಯಲ್ಲಿ ಏನೂ ಅನ್ನಿಸುತ್ತಿರಲಿಲ್ಲ.

ಹೀಗೆ ಹಿಂದುಳಿದು ಹೋಗುತ್ತಿದ್ದ ಒಂದು ಮಧ್ಯಾಹ್ನ, ನಾವು ತಂಗಬೇಕಾಗಿದ್ದ ಹಳ್ಳಿಯ ಓಣಿಗೆ ತಿರುಗಿದೆ. ಒಂದು ಮನೆಯ ಬೇಲಿಯುದ್ದಕ್ಕೂ ಬಿಳಿ ನೂಲು ಎಳೆದಿತ್ತು. ಗೂಟದಿಂದ ಗೂಟಕ್ಕೆ, ಸೊಂಟದೆತ್ತರದಲ್ಲಿ, ಅಚ್ಚುಕಟ್ಟಾಗಿ. ಒಂದು ಕಡೆ ಹರಿದು ನೆಲಕ್ಕೆ ಬಿದ್ದಿತ್ತು. ಪಕ್ಕದಲ್ಲಿ ಒಂದು ಕೋಳಿ, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ನಿಂತಿತ್ತು.

ನಮ್ಮ ಬೀದಿಯ ಒಂದು ರೂಢಿಯನ್ನು ಇಲ್ಲಿ ಹೇಳಲೇಬೇಕು. ನನ್ನ ಚಿಕ್ಕಂದಿನಲ್ಲಿ ಬೆಳಿಗ್ಗೆ ಬಿಸಿಲೇರುವ ಮೊದಲು ಬೀದಿಯುದ್ದಕ್ಕೂ ಪಾವು ಎಳೆಯುತ್ತಿದ್ದರು. ಎಂದರೆ ಮಗ್ಗಕ್ಕೆ ಏರಿಸಬೇಕಾದ ಉದ್ದನೆಯ ಎಳೆಗಳನ್ನು ಹರಡಿ, ಗಂಜಿ ಬಳಿದು, ಕುಂಚದಿಂದ ತೀಡುತ್ತಿದ್ದರು. ಆ ಹೊತ್ತಿಗೆ ಆ ದಾರಿಯಲ್ಲಿ ಬಂದವರು ಯಾರೇ ಆಗಲಿ, ಹರಿದ ಎಳೆ ಕಂಡರೆ ನಿಂತು ಗಂಟು ಹಾಕಿಯೇ ಮುಂದೆ ಹೋಗಬೇಕು. ಪಾವು ಯಾರದೆಂದು ಕೇಳುವಂತಿಲ್ಲ. ಆ ಮನೆಯವರ ಜೊತೆ ಮಾತು ಬಿಟ್ಟಿದ್ದರೂ ಗಂಟು ಹಾಕಬೇಕು. ಹಾಕಿ, ಮಾತಾಡದೆ ಹೋಗಬಹುದು. ಮದುವೆ ದಿಬ್ಬಣದಲ್ಲಿ ಹೊರಟ ಮದುಮಗ ಬೀದಿಯಲ್ಲಿ ಕೂತು ಎಳೆ ಕಟ್ಟಿದ್ದನ್ನು ನಾನೇ ನೋಡಿದ್ದೇನೆ.

ಆದ್ದರಿಂದ ನಾನು ಮಾಡಿದ್ದು ನಾನು ಮಾಡಿದ್ದಲ್ಲ, ಕೈ ಮಾಡಿದ್ದು. ಸೈಕಲ್ಲು ನಿಲ್ಲಿಸಿದೆ. ಹೆಬ್ಬೆರಳನ್ನೂ ತೋರುಬೆರಳನ್ನೂ ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಂಡೆ. ಎರಡು ತುದಿ ಹಿಡಿದು, ಹೊಸೆದು, ನೇಕಾರರ ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಿಂದ ಕಡಿದೆ. ಬಿಗಿ ನೋಡಲು ಬೆರಳಿನಿಂದ ಮೀಟಿಯೂ ಆಯಿತು.

ತಲೆ ಎತ್ತಿದರೆ, ಬೇಲಿಯ ಆಚೆ ಅಂಗಳ ತುಂಬ ಜನ. ಮನೆಯೊಳಗಿಂದ ಭಿಕ್ಷುಗಳ ಮಂತ್ರ ಕೇಳುತ್ತಿತ್ತು. ಆ ನೂಲು ಬೇಲಿಯನ್ನು ಸುತ್ತಿ, ಕಿಟಕಿಯ ಮೂಲಕ ಒಳಹೊಕ್ಕು, ಬುದ್ಧನ ವಿಗ್ರಹವನ್ನು ಬಳಸಿ, ಭಿಕ್ಷುಗಳ ಕೈಯಲ್ಲಿ ಕೊನೆಗೊಂಡಿತ್ತು. ಹೊಸ ಮನೆಯ ಪ್ರವೇಶದ ವಿಧಿ ನಡೆಯುತ್ತಿತ್ತು. ನಾನು ಪವಿತ್ರ ಸೂತ್ರಕ್ಕೆ ಎಂಜಲು ಹಚ್ಚಿ, ಹಲ್ಲಿನಿಂದ ಕಡಿದಿದ್ದೆ.

ಮೊದಲು ಹೊಳೆದದ್ದು, ಮಾರ್ಗಳಿಯಲ್ಲಿ ಗೃಹಪ್ರವೇಶವೇ ಎಂದು. ಅಪರಾಧಿಗೆ ಇಂಥ ಯೋಚನೆ ಬರಬಾರದು, ಬಂತು.

ಒಬ್ಬ ಅಜ್ಜಿ ಎದ್ದು ಬಂದರು. ಮನೆಯ ಯಜಮಾನಿಯೇ ಇರಬೇಕು. ಜನ ದಾರಿ ಬಿಟ್ಟರು. ಕಣ್ಣಿಗೆ ಹತ್ತಿರ ಹಿಡಿದು ಗಂಟನ್ನು ನೋಡಿದರು. ಎರಡೂ ಕಡೆಯಿಂದ ಎಳೆದರು. ಗಂಟು ಬಿಚ್ಚಿಕೊಳ್ಳಲಿಲ್ಲ. ಆಮೇಲೆ ನನ್ನನ್ನು ನೋಡಿ ಏನೋ ಕೇಳಿದರು.

"ಕೋಳಿ ಹರಿದಾಕಿತ್ತು ಕಣಮ್ಮಾ, ಅದಕ್ಕೇ ಕಟ್ದೆ. ತಪ್ಪು ತಿಳ್ಕೋಬೇಡಿ," ಎಂದೆ.

ಹೇಳಿದ ಮೇಲೆ ನನಗೇ ದಿಗಿಲಾಯಿತು. ಎಂಜಲಿನ ದಿಗಿಲಲ್ಲ. ನಾನು ಆಡಿದ್ದು ಕನ್ನಡ. ಅರವತ್ತು ದಾಟಿದ ಈ ಆಯುಷ್ಯದಲ್ಲಿ ಪರಿಚಯವಿಲ್ಲದವರ ಹತ್ತಿರ ನನ್ನ ಬಾಯಿಂದ ಮೊದಲು ಹೊರಟದ್ದು ಯಾವಾಗಲೂ ತಮಿಳೇ. ಮದುವೆಗೆ ಮುಂಚೆ ಕಂಪನಿಯ ಕೆಲಸದ ಮೇಲೆ ಕೆಲವು ವರ್ಷ ಬೆಂಗಳೂರಿನಲ್ಲಿದ್ದು ಈ ಅಕ್ಷರಗಳನ್ನು ಕಲಿತಾಗಲೂ, ಅಲ್ಲಿನವರೊಡನೆ ಮೊದಲು ತಮಿಳು ಬಂದು, ಬೈಸಿಕೊಂಡು, ಆಮೇಲೆ ಕನ್ನಡಕ್ಕೆ ತಿರುಗುತ್ತಿದ್ದವನು ನಾನು. ಇಲ್ಲಿ ಯಾರ ಹೊಸ್ತಿಲಿನ ಮುಂದೆಯೋ ನಿಂತು, ಒಳಗಿನ ಭಾಷೆಯಲ್ಲಿ ತಪ್ಪೊಪ್ಪಿಕೊಂಡಿದ್ದೆ.

ಅಜ್ಜಿಗೆ ಅರ್ಥವಾಗಿರಲಾರದು. ಆದರೂ ಕೋಳಿಯ ಕಡೆ ತಿರುಗಿ ಎರಡು ಮಾತು ಬೈದರು. ಆಮೇಲೆ ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿದರು. ಮಂತ್ರ ಮುಗಿದ ಮೇಲೆ ಹಿರಿಯರೆಲ್ಲ ಸಾಲಾಗಿ ಬಂದು ಮನೆಯವರ ಮುಂಗೈಗೆ ನೂಲು ಕಟ್ಟಿದರು. ನನ್ನ ಮುಂಗೈಗೆ ಅಜ್ಜಿಯೇ ಕಟ್ಟಿದರು. ಕಟ್ಟುವಾಗ ಕಿವಿಯ ಹತ್ತಿರ ಏನೋ ಗುನುಗಿದರು. ಅಷ್ಟರಲ್ಲಿ ನನ್ನನ್ನು ಹುಡುಕಿಕೊಂಡು ವ್ಯಾನಿನ ಚಾಲಕ ಬಂದು ಪಕ್ಕದಲ್ಲಿ ಕೂತಿದ್ದ.

"ಏನು ಹೇಳುತ್ತಿದ್ದಾರೆ?" ಎಂದೆ.

"ಮನುಷ್ಯನೊಳಗೆ ಬಹಳ ಜೀವಗಳಿರುತ್ತವೆ, ಸರ್. ಪ್ರಯಾಣದಲ್ಲಿ ಕೆಲವು ದಾರಿ ತಪ್ಪಿ ಹಿಂದೆ ಉಳಿದುಬಿಡುತ್ತವೆ. ಅವನ್ನು ಕರೆಯುತ್ತಿದ್ದಾರೆ. ಬಾ, ಮನೆಗೆ ಬಾ, ಅಂತ."

"ಯಾವ ಮನೆಗೆ?"

ಅವನು ಯೋಚಿಸಿದ. "ಮನೆಗೆ, ಸರ್."

"ನನ್ನ ಮನೆ ಇಲ್ಲಿಲ್ಲವಲ್ಲ."

"ಅದನ್ನು ಅಜ್ಜಿಗೆ ಹೇಳಲೇ?"

ಬೇಡವೆಂದೆ. ಕಟ್ಟುತ್ತಿರುವವರಿಗೆ ಅಡ್ಡಿ ಮಾಡಬಾರದು. ಆದರೆ ನನ್ನ ಸ್ಥಿತಿ ಕಾನೂನಿನ ಪ್ರಕಾರ ಏನು ಎಂದು ಈಗಲೂ ತಿಳಿದಿಲ್ಲ. ಹೆಸರು ಕೂಡ ಸರಿಯಾಗಿ ಉಚ್ಚರಿಸಲಾಗದ ಒಂದು ಹಳ್ಳಿಗೆ ನನ್ನ ಸಕಲ ಜೀವಗಳನ್ನೂ ಸಾಕ್ಷಿಗಳ ಸಮ್ಮುಖದಲ್ಲಿ ಕರೆಸಿಕೊಳ್ಳಲಾಗಿತ್ತು.

ಚಾಲಕ ಇನ್ನೊಂದು ಮಾತು ಹೇಳಿದ. ಅಜ್ಜಿ ಆಡುವುದು ಥಾಯ್ ಅಲ್ಲವಂತೆ, ಉತ್ತರದವರ ಮನೆಮಾತು. ಶಾಲೆಗೆ, ಕಚೇರಿಗೆ ಹೋದರೆ ಥಾಯ್. ಮನೆಮಾತಿಗೆ ಹಳೆಯ ಲಿಪಿಯೂ ಇದೆ. "ನನಗೆ ಓದಲು ಬರುವುದಿಲ್ಲ, ಸರ್," ಎಂದು ನಕ್ಕ. ಅದನ್ನು ಕೇಳಿ ನಾನೇಕೆ ಅವನ ಭುಜ ತಟ್ಟಿದೆನೋ ಅವನಿಗೆ ಗೊತ್ತಾಗಲಿಲ್ಲ.

ಮಾರನೆಯ ದಿನ ವಿಶ್ರಾಂತಿ. ಬಳಗದವರು ಜಲಪಾತ ನೋಡಲು ಹೋದರು. ನಾನು ಮೊಣಕಾಲಿನ ನೆಪ ಹೇಳಿ ಅಜ್ಜಿಯ ಮನೆಗೆ ಹೋದೆ. ಮಗಳು ಕಟ್ಟಿಸಿಕೊಟ್ಟ ಸಿಮೆಂಟಿನ ಹೊಸ ಮನೆ. ಅಜ್ಜಿ ಮಾತ್ರ ಹಿತ್ತಲಿನ ಹಳೆಯ ಮರದ ಮನೆಯ ಕೆಳಗೆ, ಕಂಬಗಳ ನಡುವಿನ ನೆರಳಿನಲ್ಲಿ, ಮಗ್ಗದ ಮುಂದೆ ಕೂತಿದ್ದರು. ನನ್ನನ್ನು ಕಂಡು ಎದ್ದೇಳಲಿಲ್ಲ, ಕುರ್ಚಿ ತರಿಸಲಿಲ್ಲ. ಪಕ್ಕದಲ್ಲಿದ್ದ ರಾಟೆಯ ಕಡೆ ಗದ್ದದಿಂದ ತೋರಿಸಿದರು. ನಾನು ಕೂತು ಲಾಳಿಗೆ ನೂಲು ಸುತ್ತತೊಡಗಿದೆ. ಗಂಜಿಯ ಹುಳಿವಾಸನೆ ಅದೇ. ಲಾಳಿಯ ಸದ್ದು ಅದೇ, ತುಸು ನಿಧಾನ. ಮಧ್ಯಾಹ್ನ ಅಂಟು ಅನ್ನ, ಹಸಿಮೆಣಸಿನಕಾಯಿ ಸುಟ್ಟು ಅರೆದ ಚಟ್ನಿ. ಅದರಲ್ಲಿ ಇನ್ನೇನಿತ್ತೆಂದು ವಿಚಾರಿಸಲಿಲ್ಲ. ಅಜ್ಜಿ ಅವರ ಭಾಷೆಯಲ್ಲಿ ಮಗಳನ್ನು ದೂರಿದರು, ನಾನು ನನ್ನ ಭಾಷೆಯಲ್ಲಿ ಲಿಫ್ಟನ್ನು ದೂರಿದೆ. ಒಬ್ಬರ ಮಾತಿಗೊಬ್ಬರು ತಲೆಯಾಡಿಸಿದೆವು. ಆಮೇಲೆ ಅಲ್ಲೇ ಕಂಬಕ್ಕೆ ಒರಗಿ ನಿದ್ದೆ ಹೋದೆ. ಫ್ಲ್ಯಾಟಿಗೆ ಬಂದ ಮೇಲೆ ಹಗಲಿನಲ್ಲಿ ಅಂಥ ನಿದ್ದೆ ಬಂದಿರಲಿಲ್ಲ.

ಎದ್ದವನೇ ಹೆಂಡತಿಗೆ ವಿಡಿಯೋ ಕಾಲ್ ಮಾಡಿದೆ. ಇಂಥ ಹೊತ್ತಿನಲ್ಲಿ ಯಾರೂ ಮಾಡಬಾರದು.

"ಮೊಗ ಯಾಕೆ ಇಂಗೆ ಊದ್ಕೊಂಡದೆ?" ಎಂದಳು.

"ನಿದ್ದೆ ಮಾಡಿದ್ದೆ. ನೋಡು, ಮಗ್ಗ. ನೋಡು, ಅಜ್ಜಿ. ನಾನೇ ರಾಟೆ ಸುತ್ತಿದೆ."

"ನಮ್ಮ ಮನೇಲಿ ಒಂದು ದಿವ್ಸ ರಾಟೆ ಮುಂದೆ ಕೂತಿದ್ದು ಕಾಣೆ."

"ಇಲ್ಲಿ ಏನೋ ಒಂಥರಾ... ಮನೆ ತರ ಅನ್ನಿಸ್ತದೆ ಕಣೆ."

ನೆಟ್‌ವರ್ಕ್ ಹೋಯಿತೇನೋ ಎಂದು ಫೋನನ್ನು ಅಲ್ಲಾಡಿಸಿದೆ. ಹೋಗಿರಲಿಲ್ಲ.

"ಅಪ್ಪಡಿಯಾ," ಎಂದಳು, ಹಾಗೋ ಎನ್ನುವುದನ್ನು ತಮಿಳಿನಲ್ಲಿ. "ಅಂಗಾದ್ರೆ ಮೂರು ವರ್ಷದಿಂದ ನಾವು ಇರದು ಏನು, ಲಾಡ್ಜಾ? ನಾನು ಯಾರು, ಲಾಡ್ಜಿನ ಮೇನೇಜರಾ? ಬೀದಿ ಬುಟ್ಟು ಬಾ ಅಂದ್ರಿ, ಬಂದೆ. ಬಾಯಿ ಬುಡ್ನಿಲ್ಲ. ಈಗ ಯಾವ ದೇಶದಾಗೋ ಮನೆ ಸಿಕ್ತಂತೆ! ಅಲ್ಲೇ ಇದ್ಬುಡಿ. ಅಜ್ಜೀನ ಕೇಳಿದೆ ಅಂತ ಹೇಳಿ."

ಫೋನು ಇಟ್ಟಳು. ಅಜ್ಜಿ ನನ್ನ ಮುಖ ನೋಡಿ, ಕೇಳದೆಯೇ ಎಲ್ಲ ತಿಳಿದವರಂತೆ, ಇನ್ನೊಂದು ಹಿಡಿ ನೂಲು ನನ್ನ ಮುಂದಿಟ್ಟರು.

ಉಳಿದ ದಾರಿಯಲ್ಲಿ ನಾನು ನೋಡಿದ್ದೇನೂ ನೆನಪಿಲ್ಲ. ತೀರ್ಮಾನ ಮಾಡಿಯಾಗಿತ್ತು: ಬೀದಿಗೆ ಹಿಂತಿರುಗುವುದು. ನನಗೆ ಬೇಕಾದದ್ದು ಏನೆಂದು ಆ ಕಂಬದ ನೆರಳು ಹೇಳಿತ್ತು, ನನ್ನವಳಿಗೆ ಬೇಕಾದದ್ದೂ ಅದೇ. ಹಾಗೆಂದು ನಾನು ನಂಬಿದ್ದೆ. ವಿಮಾನದಲ್ಲಿ ಕೂತು ವಾಕ್ಯಗಳನ್ನು ಜೋಡಿಸಿಕೊಂಡೆ. "ನಿನ್ನ ಮನಸ್ಸಿನಲ್ಲಿದ್ದುದನ್ನು ನಾನು ಅರಿತಿದ್ದೇನೆ" ಎಂಬುದು ಮೊದಲ ವಾಕ್ಯ. ಪಕ್ಕದ ಸೀಟಿನವರು ಎರಡು ಬಾರಿ ತಿರುಗಿ ನೋಡಿದರು.

ಫ್ಲ್ಯಾಟಿನ ಬಾಗಿಲು ತೆರೆದೇ ಇತ್ತು. ಮೂರು ವರ್ಷದಲ್ಲಿ ಅದು ತೆರೆದಿದ್ದುದನ್ನು ನಾನು ಕಂಡಿರಲಿಲ್ಲ. ಒಳಗೆ ಊಟದ ಮೇಜು ಗೋಡೆಗೆ ಸರಿದು, ಅದರ ಮೇಲೆ ಕರಿಬೇವಿನ ಕುಂಡ ಕೂತಿತ್ತು. ಸೋಫಾ ಬಾಲ್ಕನಿಗೆ ಹೋಗಿತ್ತು. ಹಾಲಿನ ನಡುವೆ ಚಾಪೆ. ಚಾಪೆಯ ಮೇಲೆ ನನ್ನ ಹೆಂಡತಿ ಮತ್ತು ನಾನು ಕಾಣದ ಒಬ್ಬ ಹುಡುಗಿ ಅವರೆಕಾಯಿ ಬಿಡಿಸುತ್ತ ನಗುತ್ತಿದ್ದರು. ಐದನೇ ಮಹಡಿಗೆ ಹೊಸದಾಗಿ ಬಂದ, ದಾವಣಗೆರೆ ಕಡೆಯ ಸೊಸೆ. ಗಂಡ ಇಲ್ಲೊಂದು ಮಿಲ್ಲಿನಲ್ಲಿ ಎಂಜಿನಿಯರು. ನನ್ನ ಫೋನು ಇಟ್ಟ ಕೋಪದಲ್ಲಿ ನನ್ನವಳು ಲಿಫ್ಟಿನಲ್ಲಿ ಒಬ್ಬಳೇ ಇದ್ದೇನೆಂದುಕೊಂಡು, ಗಟ್ಟಿಯಾಗಿ, ಕನ್ನಡದಲ್ಲಿ, ನನ್ನನ್ನು ಬೈಯುತ್ತ ಕೆಳಗಿಳಿದಳಂತೆ. ಒಂದು ಮೂಲೆಯಲ್ಲಿ ಈ ಹುಡುಗಿ ನಿಂತಿದ್ದಳಂತೆ. "ಆಂಟಿ, ನೀವು ಕನ್ನಡದವರಾ?" ಎಂದಳಂತೆ. ಅಲ್ಲಿಗೆ ಲಿಫ್ಟಿನ ಪ್ರಶ್ನೆ ನನ್ನ ಗೈರುಹಾಜರಿಯಲ್ಲೇ ಇತ್ಯರ್ಥವಾಗಿತ್ತು.

"ಅಂಕಲ್, ಬನ್ನಿ ಬನ್ನಿ," ಎಂದಳು ಹುಡುಗಿ. "ಥಾಯ್ಲೆಂಡಿನಲ್ಲಿ ಒಬ್ಬರು ಅಜ್ಜಿ ನಿಮ್ಮನ್ನ ದತ್ತು ತಗೊಂಡರಂತೆ?"

"ಎಲ್ಲಾ ಹೇಳ್ಬುಟ್ಟೆ," ಎಂದಳು ನನ್ನವಳು, ಪಶ್ಚಾತ್ತಾಪದ ಲಕ್ಷಣವೇ ಇಲ್ಲದೆ.

ಹುಡುಗಿ ಹೋದ ಮೇಲೆ ನಾನು ನಿಂತುಕೊಂಡೇ, ಕೈ ಹಿಂದೆ ಕಟ್ಟಿ, ಮೊದಲ ವಾಕ್ಯ ಹೇಳಿದೆ. ಎರಡನೆಯದನ್ನೂ ಹೇಳಿದೆ. ಬೀದಿಗೆ ಹೋಗೋಣ, ಪೊಂಗಲ್ ಆದ ಮೇಲೆ ಹಾಲು ಉಕ್ಕಿಸೋಣ, ಆ ಜೋಡಿಗೆ ಬೇರೆ ಮನೆ ನೋಡಿಕೊಳ್ಳಲು ಹೇಳಿಬಿಡು ಎಂದೆ.

ಅವಳು ಸಿಪ್ಪೆಗಳನ್ನು ಮೊರಕ್ಕೆ ಬಾಚಿಕೊಳ್ಳುತ್ತಿದ್ದಳು.

"ನಾನು ಬರಲ್ಲ," ಎಂದಳು.

"ಯಾಕೆ?"

"ಇದು ನಂಗೆ ಮನೆ ಆಗೋಯ್ತು."

"ಯಾವಾಗ?"

"ನೀವು ಓದ್ಮೇಲೆ."

"ನಾನು ಹೋದ ಮೇಲಾ, ಆ ಹುಡುಗಿ ಬಂದ ಮೇಲಾ?"

"ಎರಡೂ. ನೀವು ಇದ್ದಿದ್ರೆ ನಾನು ಲಿಫ್ಟಾಗೆ ಬಾಯಿ ಬುಡ್ತಿದ್ನಾ? ಸೋಫಾ ಎತ್ತಕ್ಕೆ ಬುಡ್ತಿದ್ರಾ? ಬಾಗ್ಲು ತೆಗ್ದು ಇಟ್ರೆ ಧೂಳು, ಧೂಳು ಅಂತಿದ್ರಿ." ದನಿ ಇಳಿಸಿ ಹೇಳಿದಳು: "ಬೀದಿ ಬೀದಿ ಅಂತ ಮೂರು ವರ್ಷ ಒಳಗೊಳಗೇ ಅತ್ತಿವ್ನಿ. ಅಳದು ಮುಗೀತು. ಈಗ ಮತ್ತೆ ಅಲ್ಲಿಗೆ ಕರ್ದ್ರೆ ಏನು ಮಾಡ್ಲಿ? ನೀವೇ ಹೇಳಿ ಅಂತ ಅವಾಗ ಕೇಳ್ದೆ. ನೀವು ಪಂಚಾಂಗ ನೋಡಿದ್ರಿ."

ಇವಳು ಅತ್ತದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಂದೇ ಹಿಂತಿರುಗುತ್ತಿದ್ದೆನೇ ಎಂದು ಕೇಳಿಕೊಂಡೆ. ಇವಳಿಗಾಗಿ ಬೀದಿಗೆ ಹೋಗಲು ನಿರ್ಧರಿಸಿದ್ದೆನೋ, ನನಗಾಗಿಯೋ? ನಾನೊಬ್ಬನೇ ಅಲ್ಲಿ ಹೋಗಿ ಕೂತರೆ ಅದು ಮನೆಯೇ? ಇವಳಿಲ್ಲದೆ ಒಂದು ಮಧ್ಯಾಹ್ನ ಪರದೇಶದಲ್ಲಿ ಮನೆ ಎನ್ನಿಸಿದ್ದು ನಿಜ. ನಾನಿಲ್ಲದೆ ಇವಳಿಗೆ ಇಲ್ಲಿ ಮನೆ ಎನ್ನಿಸಿದ್ದೂ ನಿಜ. ಈ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಧೈರ್ಯ ನನಗೆ ಆಗ ಇರಲಿಲ್ಲ. ಈಗಲೂ ಇಲ್ಲ.

ಪೊಂಗಲ್ ಮಾರನೆಯ ದಿನ ಅವಳೇ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಆ ಜೋಡಿಯ ಗಂಡು ಆ ಕಡೆ ಕಾಯುತ್ತಿದ್ದ. ಬಂದು ಇರಿ, ಹಾಲು ಉಕ್ಕಿಸಿಕೊಳ್ಳಿ, ಎಂದು ತಮಿಳಿನಲ್ಲಿ ಹೇಳಿದೆ. ಅವನು ಖುಷಿಯಿಂದ ಹೆಂಡತಿಯನ್ನು ಕೂಗಿದ್ದು ನನಗೂ ಕೇಳಿಸಿತು. ನನ್ನವಳು ನನ್ನನ್ನೇ ನೋಡುತ್ತಿದ್ದಳು. ಅಡುಗೆಮನೆಗೆ ಹೋದಳು, ಬಹಳ ಹೊತ್ತು ಬರಲಿಲ್ಲ. ಅಳು ಮುಗಿಯಿತು ಎಂದವಳು ಅಲ್ಲೇನು ಮಾಡುತ್ತಿದ್ದಳೋ ನಾನು ಹೋಗಿ ನೋಡಲಿಲ್ಲ. ಬಂದಾಗ ಕೈಯಲ್ಲಿ ಕಾಫಿ ಇತ್ತು, ಜೊತೆಗೆ ಒಂದು ಷರತ್ತು.

"ಬೆಳಿಗ್ಗೆ ಸೈಕಲ್ ತಗೊಂಡು ಎಲ್ಲಿಗಾದ್ರೂ ಓಗಿ. ಹತ್ತು ಗಂಟೆ ತನಕ ಬರ್ಬೇಡಿ. ಆಮೇಲೆ ಬನ್ನಿ, ಇರಿ."

ನಾನು ಒಪ್ಪಿದೆ. ಮನೆಯನ್ನು ಮನೆಯಾಗಿ ಉಳಿಸಲು ಯಜಮಾನನು ದಿನವೂ ಕೆಲಕಾಲ ಅದರಿಂದ ಹೊರಗಿರುವುದು ಅವಶ್ಯ ಎಂದು ಎಲ್ಲಾದರೂ ಬರೆದಿದೆಯೋ ಏನೋ. ಈಗ ಬೆಳಗೆದ್ದು ಪೊಳ್ಳಾಚಿ ರಸ್ತೆ ಹಿಡಿದು ಕಿಣತ್ತುಕಡವಿನತ್ತ ತುಳಿಯುತ್ತೇನೆ. ಏರು ಬಂದರೂ ಇಳಿಜಾರು ಬಂದರೂ ಯಾವ ಪ್ರಶ್ನೆಯೂ ಇಲ್ಲ. ಅದೇ ಒಂದು ತೊಂದರೆ.

ಮೊನ್ನೆ ಎದುರುಗಾಳಿ ಇಲ್ಲದೆ ಬೇಗ ಬಂದುಬಿಟ್ಟೆ. ಹತ್ತಾಗಿರಲಿಲ್ಲ. ಬಾಗಿಲು ತೆರೆದಿತ್ತು, ಒಳಗೆ ಇಬ್ಬರ ನಗು. ಚಪ್ಪಲಿ ಕಳಚಿ ಹೊಸ್ತಿಲಿನ ಹೊರಗೇ ನಿಂತೆ. ನನ್ನವಳು ಗಡಿಯಾರ ನೋಡಿದಳು, ನನ್ನನ್ನು ನೋಡಿದಳು.

"ಬಂದ್ರಾ? ಪರವಾಯಿಲ್ಲೆ, ಬನ್ನಿ, ಕೂತ್ಕೊಳಿ."

ಒಳಗೆ ಹೋದೆ. ಚಾಪೆಯ ತುಂಬ ಬಿಚ್ಚಿದ ಬಟ್ಟೆ, ಹೊಲಿಗೆ, ಗುಂಡಿ. ಮೇಜಿನ ಹತ್ತಿರ ಕುರ್ಚಿ ಇರಲಿಲ್ಲ. ಸೋಫಾದ ಮೇಲೆ ಹಪ್ಪಳ ಒಣಗುತ್ತಿತ್ತು.

"ಎಲ್ಲಿ ಕೂರಲಿ?" ಎಂದೆ.

ಅವಳು ತಲೆ ಎತ್ತದೆ ಪಕ್ಕದ ಬಟ್ಟೆಯನ್ನು ತುಸು ಸರಿಸಿ, ನೆಲ ತಟ್ಟಿದಳು. ಕೂತೆ.

"ಅಲ್ಲಲ್ಲ," ಎಂದಳು. "ಇನ್ನೊಸಿ ಈ ಕಡೆ."